ಕೈ ಸಡ್ಲ ಬಿಡವ್ವಾ

ನರುಳಿ ಅಂದ್ರ ಏನು ಮಹಾ,
ಸಂಕ್ರಾಂತಿಗೆ ಸಾಸಿವಿ ಕಾಳಿನಷ್ಟಿತ್ತು
ನನ್ನ ಬಲಗೈ ಹೆಬ್ಬೆಟ್ಟಿನ ಬುಡಕ್ಕ.
ಉಗಾದಿಗೆ ಕಡ್ಲಿಕಾಳು,
ಆಮ್ಯಾಲ ಹೂಕೋಸಿನ ಒಂದು ಪಕಳಿ.

ಬಳಿ ತೊಡಿಸೋ ಬೆರಳು ಅದು.
ಮಂದಿ ಕೈ ಹಿಂಡಿ, ಎಲುಬು ಸಣ್ಣ ಮಾಡಿ
ಗಾಜು ದಾಟಿಸೋ ಬೆರಳು.

ಯಾರೂ ಏನೂ ಅನ್ನಲಿಲ್ಲ.
ಅನ್ನೋ ಮಂದಿ ಅಲ್ಲ ಜೋರಾಪುರ ಪೇಟಿಯವರು.
‘ಇವತ್ತ ಬ್ಯಾಡ ಖೈರೂನ್, ಹಿಟ್ಟು ನಾದಾಕತ್ತೀನಿ’
ಅಂದಳು ಗಂಗೂತಾಯಿ, ಒಣಗಿದ ಕೈ ಸೆರಗಿನಾಗ ಮುಚ್ಚಿ.
‘ಇಟ್ಟು ಹೋಗು, ಸಾಬಾನ ಹಚಗೊಂಡು ನಾವ ಏರಿಸ್ಕೋತೀವಿ’
ಅಂದಳು ಆಕಿ ಸೊಸಿ.
ಕೈ ಕೊಟ್ಟರು ಅಂತಾರಲ್ಲ,
ನನಗ ಕೈ ಕೊಡದೇ ಕೈ ಕೊಟ್ಟರು.

ಸುಣ್ಣ ಸೋಡಾ ಕಲಸಿ ಇಟ್ಟೆ.
ಟಾಂಗಾ ಕುದುರಿ ಬಾಲದ ಕೂದಲಾ ಬಿಗದೆ,
ಕುದುರಿ ಒದೀಲಿಲ್ಲ, ಅಷ್ಟ ಪುಣ್ಯ.
ದರ್ಗಾಕ್ಕ ಉಪ್ಪು ಮೆಣಸು,
ಬಾಜೂಮನಿ ಅವ್ವ ಹೇಳಿದಂಗ ಹೊಂಡಕ್ಕ ಬೆಲ್ಲ.
ಬೆಲ್ಲ ಕರಗಿತು.
ಇದು ಕುಂತಲ್ಲೇ ಕುಂತಿತ್ತು
ಬಾಡಿಗಿ ಕೊಡದ ಬಾಡಿಗಿದಾರನಂಗ.

ಮೇ ತಿಂಗಳು. ಮಧ್ಯಾಹ್ನ ಎರಡು.
ಮನಗೂಳಿ ಅಗಸಿ ದಾಟೂದ್ರಾಗ
ಡಾಂಬರು ಚಪ್ಪಲಿಗೆ ಹತ್ತಿತ್ತು.
‘ಸುಡೂದಿಲ್ಲ, ಕೊರಿಯೂದಿಲ್ಲ,
ಇದಕ್ಕ ಥಂಡಿ ಹಿಡಸ್ತೀವಿ’ ಅಂದರು ಹೆರಕಲ್ ಡಾಕ್ಟರ್ ಬಾಯಿ.
ವಿಜಾಪುರದ ಬಿಸಲಾಗ ಥಂಡಿ!
ನನಗೂ ಒಂದೀಟು ಹಿಡಸ್ರಿ ಅಂದೆ.
ನಗಲಿಲ್ಲ ಆಕಿ, ಪಾಳಿ ದೊಡ್ಡದಿತ್ತು.

ಪಾಳಿಯಾಗಿನ ತಿಕೋಟಾದ ಮುದುಕ ಧೈರ್ಯ ಹೇಳಿದ:
‘ಇಂಥಾದ ಕ್ಯಾನು ದನದ ದವಾಖಾನ್ಯಾಗ ಐತಿ ತಂಗಿ,
ಹೋರಿ ಬೀಜ ಇಡತಾರ ಅದರಾಗ. ಅಂಜಬ್ಯಾಡ.’
ಅಂಜಿಕಿ ಹೋತು, ನಾಚಿಕಿ ಬಂತು.

ಮುಚ್ಚಳ ತಗದರ ಹೊಗಿ.
ಲೋಬಾನದ ಹೊಗಿಯಂಗ ಮ್ಯಾಲ ಏರಲಿಲ್ಲ,
ಮೇಜಿನ ಅಂಚು ಇಳದು
ನನ್ನ ಪಾದ ಹುಡಿಕ್ಕೊಂಡು ಬಂತು.
ಹತ್ತಿ ಸುತ್ತಿದ ಕಡ್ಡಿ ಅದ್ದಿ ಇಟ್ಟು
ಆಕಿ ಎಣಿಸಿದಳು. ಒಂದು. ಎರಡು.
ನರುಳಿ ಬೆಳ್ಳಗಾತು, ಸುತ್ತಲಿನ ಚರ್ಮಾನೂ.
ಏಳಕ್ಕ ಉರಿ ಹತ್ತಿತು,
ಬೆಂಕಿಯ ಸುಳುವಿಲ್ಲದ ಉರಿ.

ಗಾಜಿನ ಭಟ್ಟಿ ನಾ ಕಂಡಾಕಿ ಅಲ್ಲ.
ಹುಲ್ಲಿನಾಗ ಸುತ್ತಿದ ಮಾಲು ಬರತದ, ಬಿಚ್ಚತೀನಿ.
ಇಷ್ಟು ತಣ್ಣಗಿನ ಗಾಜು
ಅಷ್ಟು ಕಾವಿನ ಹೊಟ್ಟ್ಯಾಗ ಹುಟ್ಟತದಂತ
ಅವತ್ತ ನಂಬಿದೆ.

ಕೈ ಎಳಕೊಂಡೆ. ಆಕಿ ಬಿಡಲಿಲ್ಲ.
ನಾಕೂ ಬೆರಳು ಕೂಡಿಸಿ, ಅಂಗೈ ಮಡಚಿ,
ನಾ ಮಂದೀದು ಹಿಡಿಯೋ ಹಂಗ ಹಿಡದು
‘ಕೈ ಸಡ್ಲ ಬಿಡವ್ವಾ’ ಅಂದಳು.

ಅದು ನನ್ನ ಮಾತು.
ಮೂವತ್ತು ವರ್ಷ ನಾ ಅಂದ ಮಾತು,
ಅಳೋ ಮದುಮಗಳಿಗೆ, ಹಸಿ ಬಾಣಂತಿಗೆ,
ಮಗಳ ಮದುವಿ ಸಾಲದಾಗ ಮುಷ್ಟಿ ಬಿಗಿ ಹಿಡದಾಕಿಗೆ.
ನನಗ ಯಾರೂ ಅಂದಿದ್ದಿಲ್ಲ.
ನನ್ನ ಬಳಿ ನಾನ ಏರಿಸ್ಕೋತೀನಿ,
ಅದೂ ಮಾರದೇ ಉಳದ ಜೋಡಿ ತಪ್ಪಿದವು.
ಕಣ್ಣಾಗ ನೀರು ಬಂತು.
‘ಇಷ್ಟ ನೋವಾತೇನು’ ಅಂದಳು.
ಹೂಂ ಅಂದೆ.

ಮರುದಿನ ಗುಳ್ಳಿ ಎದ್ದಿತು,
ಒಳಗ ನೀರು, ಮ್ಯಾಲ ಹೊಳಪು, ಗಾಜಿನ ಮಣಿ.
ಒಡೀಬ್ಯಾಡ ಅಂದಿದ್ದರು.
ಒಡೀದಂಗ ಇಟಗೊಳ್ಳೂದು ನನಗ ಹೇಳಬೇಕ?

ಮೂರು ವಾರಕ್ಕೊಮ್ಮಿ, ಮತ್ತ ಎರಡು ಸಲ ಹೋದೆ.
ಕಡೀಕ ಒಂದಿನ ಹಸರು ಬಳಿ ಎಣಿಸೂಮುಂದ
ಕರೀ ಹೆಕ್ಕಳಿಯಾಗಿ ಉದರಿತ್ತು.
ಪೊಟ್ಟಣದ ತಳದಾಗ ಕಂಡೆ,
ಸಾಮಾನಿನ ಕಸ ಅಂದುಕೊಂಡು ಝಾಡಿಸಿಬಿಟ್ಟೆ.
ಉಳದದ್ದು ಬಿಳೀ ಕಲಿ,
ಮಸರಿನ ಹನಿ ಒರಸೋದು ಮರತಂಗ.

ಪಂಚಮಿಗೆ ಗಂಗೂತಾಯಿ ತಾನ ಕರದಳು.
ನನ್ನ ಕೈ ನೋಡಲಿಲ್ಲ.
ನೋಡದಂಗ ನೋಡಿದಳು, ಗೊತ್ತಾತು.
ಡಜನ್ನಿಗೆ ಹತ್ತು ರೂಪಾಯಿ ಹೆಚ್ಚ ಹೇಳಿದೆ,
ಚೌಕಾಸಿ ಮಾಡಲಿಲ್ಲ.

ತೊಡಿಸೂದ್ರಾಗ ಎರಡು ಹೆಚ್ಚಾದವು
(ಒಡದವು ಅನ್ನಬಾರದು ನಾವು).
ಬೆರಳಿಂದ ತಪ್ಪಲ್ಲ.
ಆಕಿ ಕೈ ಸಡ್ಲ ಬಿಟ್ಟಿರಲಿಲ್ಲ.